ಚರ್ಮಕಂಚುಕದ ಒಡೆಯನಾರು?

ಗತಿಸಿದವರು ಬಿಟ್ಟುಹೋದ ವಸ್ತುಗಳಲ್ಲಿ ಉಡುಪಿನಷ್ಟು ದೇಹಕ್ಕೆ ಸಮೀಪವಾದುದು ಮತ್ತೊಂದಿಲ್ಲ. ಖಡ್ಗವನ್ನು ಕೈಯೊಂದೇ ಬಲ್ಲುದು, ಉಂಗುರವನ್ನು ಬೆರಳೊಂದೇ ಬಲ್ಲುದು. ಅಂಗಿಯಾದರೋ ಮೈಯನ್ನೆಲ್ಲ ಅಪ್ಪಿಕೊಂಡು, ಧರಿಸಿದವನ ಭುಜದ ಅಗಲವನ್ನೂ ಮೊಣಕೈಯ ಮಡಿಕೆಯನ್ನೂ ಬೆವರಿನ ಕಲೆಯನ್ನೂ ತನ್ನಲ್ಲಿ ಉಳಿಸಿಕೊಳ್ಳುವುದು. ನೂಲಿನ ಬಟ್ಟೆಗೆ ಆಯುಸ್ಸು ಅಲ್ಪ. ಹದಮಾಡಿದ ತೊಗಲಿಗೆ ಹಾಗಲ್ಲ. ಆದುದರಿಂದಲೇ ಎರಡನೆಯ ಮಹಾಯುದ್ಧದಲ್ಲಿ (1939-45) ವೈಮಾನಿಕರು ಧರಿಸಿದ ಚರ್ಮದ ಜಾಕೆಟ್ಟುಗಳು, ಅವರಲ್ಲಿ ಬಹುಮಂದಿ ಕಾಲವಶರಾದ ತರುವಾಯವೂ, ಅಮೆರಿಕಾ, ಇಂಗ್ಲೆಂಡು, ಜಪಾನು ಮೊದಲಾದ ದೇಶಗಳ ಸಂಗ್ರಾಹಕರ ಪೆಟ್ಟಿಗೆಗಳಲ್ಲಿ ಸುರಕ್ಷಿತವಾಗಿರುವುವು. ಅಂಥ ಅಂಗಿಯೊಂದನ್ನು ಕೊಳ್ಳುವುದು ಹಣವುಳ್ಳವರೆಲ್ಲರಿಗೂ ಸಾಧ್ಯ. ಅದು ಮೊದಲು ಯಾರ ಮೈಮೇಲಿದ್ದಿತೆಂಬುದನ್ನು ನಿರ್ಣಯಿಸುವುದಾದರೋ ಬೇರೊಂದು ಬಗೆಯ ಕಾರ್ಯ. ಅದಕ್ಕೆ ಹಣಕ್ಕಿಂತ ತಾಳ್ಮೆಯೂ, ತಾಳ್ಮೆಗಿಂತ ಸತ್ಯನಿಷ್ಠೆಯೂ ಹೆಚ್ಚಾಗಿ ಬೇಕು. ಈ ಅಂಗಿಗಳ ಚರಿತ್ರೆಯನ್ನೂ, ಅವುಗಳ ಒಡೆಯರನ್ನು ಅರಸುವ ಮಾರ್ಗವನ್ನೂ, ಆ ಮಾರ್ಗದಲ್ಲಿರುವ ಅಪಾಯವನ್ನೂ ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಮಾನವು ಹುಟ್ಟಿದ ಮೊದಲ ಕಾಲದಲ್ಲಿ ಅದನ್ನು ನಡೆಸುವವನ ಆಸನಕ್ಕೆ ಮೇಲ್ಮುಚ್ಚಳವಿರಲಿಲ್ಲ. ಮೇಲೇರಿದಷ್ಟೂ ಗಾಳಿಯ ಹೊಡೆತ ಹೆಚ್ಚುವುದು. ಪ್ರತಿ 1000 ಮೀಟರುಗಳಿಗೆ ಉಷ್ಣತೆಯು ಸುಮಾರು 6.5 ಡಿಗ್ರಿ ಸೆಂಟಿಗ್ರೇಡಿನಂತೆ ಇಳಿಯುವುದು. ಬೇಸಗೆಯ ಮಧ್ಯಾಹ್ನದಲ್ಲಿ ನೆಲವನ್ನು ಬಿಟ್ಟವನು ಅರ್ಧ ಗಂಟೆಯೊಳಗೆ ಹಿಮಗಾಲವನ್ನು ಹೊಕ್ಕಂತಾಗುತ್ತಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಈ ಕಷ್ಟವು ಪ್ರಬಲವಾಗಿ, 1917ರಲ್ಲಿ ಆಸ್ಟ್ರೇಲಿಯಾ ದೇಶದ ವೈಮಾನಿಕನಾದ ಸಿಡ್ನಿ ಕಾಟನ್ ಎಂಬಾತನು ಸಿಡ್‌ಕಾಟ್ ಎಂದು ಪ್ರಸಿದ್ಧವಾದ ನಿಲುವಂಗಿಯನ್ನು ಕಲ್ಪಿಸಿದನು. ಅದೇ ವರ್ಷ ಅಮೆರಿಕಾ ಸೈನ್ಯವು ವೈಮಾನಿಕರ ಉಡುಪಿಗೆಂದೇ ಒಂದು ಮಂಡಲಿಯನ್ನು ನೇಮಿಸಿತು. ಆ ಸೈನ್ಯವು 1927ರಲ್ಲಿ ಎ-1 ಎಂಬ ಗುಂಡಿಗಳುಳ್ಳ ತುಂಡಂಗಿಯನ್ನು ಅಂಗೀಕರಿಸಿತು. 1931ನೆಯ ಇಸವಿ ಮೇ 9ರಂದು ಅದರ ಸ್ಥಾನಕ್ಕೆ ಎ-2 ಎಂಬುದು ಬಂದಿತು. ಈ ಎ-2 ಜಾಕೆಟ್ಟೇ ಇಂದಿನ ಸಂಗ್ರಾಹಕರು ಎಲ್ಲಕ್ಕಿಂತ ಹೆಚ್ಚಾಗಿ ಅರಸುವ ವಸ್ತು.

ಅದರ ರಚನೆ ಸರಳವಾದುದು. ಕಡುಕಂದು ಬಣ್ಣದ ತೊಗಲು, ಬಹುಮಟ್ಟಿಗೆ ಕುದುರೆಯದು, ಕೆಲವೆಡೆ ಮೇಕೆಯದು. ನಡುವಿನವರೆಗೆ ಮಾತ್ರ ಬರುವ ಉದ್ದ. ಮುಂದುಗಡೆ ಎಳೆದು ಮುಚ್ಚುವ ಲೋಹದ ಜಿಪ್ಪು. ಮಣಿಕಟ್ಟಿನಲ್ಲಿಯೂ ಸೊಂಟದಲ್ಲಿಯೂ ಗಾಳಿ ನುಗ್ಗದಂತೆ ಉಣ್ಣೆಯ ಹೆಣಿಗೆಯ ಪಟ್ಟಿ. ಭುಜಗಳ ಮೇಲೆ ಪದವಿಯ ಲಾಂಛನವನ್ನು ಧರಿಸಲು ಚರ್ಮದ ಪಟ್ಟಿ. ಎದೆಯ ಕೆಳಗೆ ಮುಚ್ಚಳವುಳ್ಳ ಎರಡು ಜೇಬು. ಒಳಗಡೆ ಮೊದಲು ರೇಷ್ಮೆಯ, ಅನಂತರ ಹತ್ತಿಯ ಅಸ್ತರು. ಕೊರಳ ಹಿಂಬದಿಯಲ್ಲಿ ಒಂದು ಬಟ್ಟೆಯ ಚೀಟಿಯನ್ನು ಹೊಲಿದಿರುವರು. ಅದರಲ್ಲಿ ಜಾತಿಯ ಹೆಸರು, 30-1415 ಎಂಬ ನಕ್ಷೆಯ ಸಂಖ್ಯೆ, ಸರಕಾರದೊಡನೆ ಆದ ಕರಾರಿನ ಸಂಖ್ಯೆ, ತಯಾರಕರ ಹೆಸರು, ಅಳತೆ ಇವಿಷ್ಟೂ ಇದ್ದು, ಕಡೆಯಲ್ಲಿ ಇದು ಅಮೆರಿಕಾ ಸೈನ್ಯದ ವಾಯುದಳದ ಸ್ವತ್ತು ಎಂಬ ಮಾತಿರುವುದು. ನ್ಯೂಯಾರ್ಕ್ ಪ್ರಾಂತದ ಬೀಕನ್, ನ್ಯೂಬರ್ಗ್, ಪಕಿಪ್ಸಿ ಮೊದಲಾದ ಊರುಗಳಲ್ಲಿಯೂ, ಪೆನ್ಸಿಲ್ವೇನಿಯಾದ ಮಿಡಲ್‌ಟೌನಿನಲ್ಲಿಯೂ, ಷಿಕಾಗೋ ನಗರದಲ್ಲಿಯೂ ಇದ್ದ ಹಲವು ಕಾರ್ಖಾನೆಗಳು ಒಂದೇ ನಕ್ಷೆಯಂತೆ ಇವನ್ನು ಹೊಲಿದುವು. ಆದರೂ ಕೊರಳಪಟ್ಟಿಯ ಕೊನೆ, ಜೇಬಿನ ಮುಚ್ಚಳದ ಬಾಗು, ಹೊಲಿಗೆಯ ಸಾಂದ್ರತೆ ಇವುಗಳಲ್ಲಿ ಪ್ರತಿಯೊಂದು ಕಾರ್ಖಾನೆಗೂ ತನ್ನದೇ ಆದ ವಾಡಿಕೆಯಿದ್ದುದರಿಂದ, ಚೀಟಿಯು ಹರಿದುಹೋದ ಅಂಗಿಯ ತವರನ್ನೂ ಬಲ್ಲವರು ಗುರುತಿಸಬಲ್ಲರು.

ಅತ್ಯಂತ ಶೀತದ ಎತ್ತರಗಳಿಗೆ ಈ ಅಂಗಿ ಸಾಲುತ್ತಿರಲಿಲ್ಲ. ಭಾರವಾದ ಬಾಂಬು ವಿಮಾನಗಳು 25000 ಅಡಿಗಳ ಎತ್ತರದಲ್ಲಿ ಹಾರುವಾಗ ಹೊರಗಿನ ಶೈತ್ಯವು ಶೂನ್ಯಕ್ಕಿಂತ 35 ಡಿಗ್ರಿಗಳಷ್ಟು ಕೆಳಗಿಳಿಯುತ್ತಿತ್ತು. ಚಳಿಗಾಲದಲ್ಲಿ ಇನ್ನೂ ಹೆಚ್ಚು. ಅಲ್ಲಿ ಬರಿಗೈಯಿಂದ ಲೋಹವನ್ನು ಮುಟ್ಟಿದರೆ ಚರ್ಮವೇ ಅದಕ್ಕಂಟಿಕೊಳ್ಳುವುದು. ಆದುದರಿಂದ 1934ರಲ್ಲಿ ಕುರಿಯ ತೊಗಲನ್ನು ಉಣ್ಣೆಸಹಿತವಾಗಿ ಒಳಮುಖಮಾಡಿ ಹೊಲಿದ ಬಿ-3 ಎಂಬ ದಪ್ಪ ಅಂಗಿಯೂ, ಯುದ್ಧಕಾಲದಲ್ಲಿ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪೂ ಬಂದುವು. ಇಂಗ್ಲೆಂಡಿನಲ್ಲಿ ಇದೇ ಬಗೆಯ ಕುರಿದೊಗಲಿನ ಅಂಗಿಗೆ ಅರ್ವಿನ್ ಜಾಕೆಟ್ ಎಂದು ಹೆಸರು. ಅದನ್ನು ಕಲ್ಪಿಸಿದ ಲೆಸ್ಲಿ ಅರ್ವಿನ್ ಎಂಬ ಅಮೆರಿಕನ್ನನು 1919ನೆಯ ಏಪ್ರಿಲ್ 28ರಂದು ವಿಮಾನದಿಂದ ಧುಮುಕಿ, ನಡುಗಾಳಿಯಲ್ಲಿ ತನ್ನ ಕೈಯಿಂದಲೇ ಪ್ಯಾರಚೂಟನ್ನು ಬಿಚ್ಚಿಕೊಂಡು ನೆಲಕ್ಕಿಳಿದ ಸಾಹಸಿ. ಇಷ್ಟು ಬಗೆಗಳಿದ್ದರೂ ಯುವಕರ ಮಮತೆಯೆಲ್ಲ ಹಗುರವಾದ ಎ-2ರ ಮೇಲೆಯೇ ಇದ್ದಿತು. 1943ರಲ್ಲಿ ಸರಕಾರವು ಅದನ್ನು ಮಾಡಿಸುವುದನ್ನು ನಿಲ್ಲಿಸಿ ಬಟ್ಟೆಯ ಅಂಗಿಯನ್ನು ಕೊಡತೊಡಗಿದಾಗ, ಹಳೆಯ ತೊಗಲಂಗಿಯುಳ್ಳವರು ಅದನ್ನು ಬಿಟ್ಟುಕೊಡದೆ ಜೋಪಾನಮಾಡಿದರು.

ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಕಾನೂನಿನ ಪ್ರಕಾರ ಅಂಗಿಯು ಸರಕಾರದ್ದು; ವೈಮಾನಿಕನಿಗೆ ಅದು ಉಪಯೋಗಕ್ಕಾಗಿ ಕೊಟ್ಟ ಎರವಲು ಮಾತ್ರ. ಸರಕಾರವು ಅದಕ್ಕೆ ಕೊಟ್ಟುದು ಸಂಖ್ಯೆಯನ್ನು, ಹೆಸರನ್ನಲ್ಲ. ಹೆಸರನ್ನು ಕೊಟ್ಟವನು ಧರಿಸಿದವನೇ. ಎಡದೆದೆಯ ಮೇಲೆ ತನ್ನ ಹೆಸರನ್ನೊತ್ತಿದ ಸಣ್ಣ ಚರ್ಮದ ಪಟ್ಟಿಯನ್ನು ಹೊಲಿಸಿದನು. ಅದರ ಕೆಳಗೆ ತನ್ನ ದಳದ ಲಾಂಛನವನ್ನು ಕೂಡಿಸಿದನು. ಬೆನ್ನಿನ ಮೇಲೆ ತನ್ನ ವಿಮಾನದ ಹೆಸರನ್ನೂ ಚಿತ್ರವನ್ನೂ ಬರೆಯಿಸಿದನು. ಪ್ರತಿಯೊಂದು ದಂಡಯಾತ್ರೆಗೂ ಒಂದೊಂದು ಪುಟ್ಟ ಬಾಂಬಿನ ಆಕೃತಿಯನ್ನು ಸಾಲಾಗಿ ಬರೆಯುವುದು ರೂಢಿಯಾಯಿತು. ಇಂಗ್ಲೆಂಡಿನಿಂದ ಹೋರಾಡುತ್ತಿದ್ದ ಅಮೆರಿಕಾದ ಎಂಟನೆಯ ವಾಯುಸೇನೆಯಲ್ಲಿ 1943ರಲ್ಲಿ 25 ಯಾತ್ರೆಗಳನ್ನು ಮುಗಿಸಿದವನಿಗೆ ಸ್ವದೇಶಕ್ಕೆ ಮರಳುವ ಅರ್ಹತೆಯುಂಟಾಗುತ್ತಿತ್ತು; 1944ರಲ್ಲಿ ಈ ಸಂಖ್ಯೆಯನ್ನು 30ಕ್ಕೂ ಅನಂತರ 35ಕ್ಕೂ ಏರಿಸಿದರು. ಬೆನ್ನಿನ ಮೇಲೆ ಹದಿನಾಲ್ಕು ಬಾಂಬುಗಳನ್ನು ಬರೆಯಿಸಿ, ಹದಿನೈದನೆಯದಕ್ಕೆ ಸ್ಥಳವನ್ನು ಬಿಟ್ಟಿರುವ ಅಂಗಿಯನ್ನು ಕಂಡವನಿಗೆ ಆ ಬರಿದಾದ ಸ್ಥಳವು ಅನೇಕ ಸಂಗತಿಗಳನ್ನು ಸೂಚಿಸದೆ ಇರದು. ಅವನು ಮರಳಿ ಬಾರದೆ ಹೋದನೊ, ಗಾಯಗೊಂಡನೊ, ಅಥವಾ ಚಿತ್ರಕಾರನೇ ಬೇರೆಡೆಗೆ ವರ್ಗವಾದನೊ, ಅಂಗಿಯೊಂದರಿಂದಲೇ ಹೇಳಲಾಗದು.

ಚಿತ್ರಗಳನ್ನು ಬರೆದವರು ಪ್ರಾಯಿಕವಾಗಿ ಸೈನ್ಯದವರೇ. ಬ್ಯಾಸಿಂಗ್‌ಬರ್ನ್ ವಿಮಾನನಿಲಯದಲ್ಲಿದ್ದ ಟೋನಿ ಸ್ಟಾರ್ಸರ್ ಎಂಬ ಕಾರ್ಪೊರಲ್ಲನು ಮೆಂಫಿಸ್ ಬೆಲ್ ಎಂಬ ಪ್ರಖ್ಯಾತ ವಿಮಾನದ ಮೂತಿಯ ಮೇಲೆ ಸುಂದರಿಯ ಚಿತ್ರವನ್ನು ಬರೆದವನು. ಆ ವಿಮಾನದ ತಂಡವು 1943ನೆಯ ಮೇ 17ರಂದು ತನ್ನ 25ನೆಯ ಯಾತ್ರೆಯನ್ನು ಮುಗಿಸಿತು. ಬೆನ್ನಿನ ಮೇಲಿನ ಬರಹವು ಕೆಲವು ವೇಳೆ ಧರಿಸಿದವನಿಗೇ ಕಂಟಕವಾಯಿತು. 1943ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಸೆರೆಸಿಕ್ಕಿದ ಒಬ್ಬ ಯುವಕನ ಅಂಗಿಯ ಮೇಲೆ ‘ಮರ್ಡರ್ ಇಂಕ್’, ಎಂದರೆ ಕೊಲೆಯ ಕಂಪೆನಿ, ಎಂಬ ವಿಮಾನದ ಹೆಸರಿದ್ದಿತು. ಹುಡುಗಾಟಕ್ಕೆ ಇಟ್ಟ ಆ ಹೆಸರನ್ನು ಜರ್ಮನ್ ಪ್ರಚಾರಕರು ಛಾಯಾಚಿತ್ರದೊಡನೆ ತಮ್ಮ ಪತ್ರಿಕೆಗಳಲ್ಲಿ ಪ್ರಕಟಿಸಿ, ಅಮೆರಿಕನ್ನರು ತಾವೇ ಒಪ್ಪಿಕೊಂಡ ಕೊಲೆಗಡುಕರೆಂದು ಸಾರಿದರು. ಅಂಗಿಯ ಮೇಲಿನ ಮಾತು ಅಂಗಿಯವನ ಮಾತೆಂದೇ ಲೋಕವು ತಿಳಿಯುವುದೆಂಬುದಕ್ಕೆ ಇದು ದೃಷ್ಟಾಂತ.

ಪೂರ್ವದೇಶಗಳಲ್ಲಿ ಹೋರಾಡಿದ ವೈಮಾನಿಕರ ಅಂಗಿಗಳ ಮೇಲೆ ಮತ್ತೊಂದು ವಿಶೇಷವಿರುವುದು. 1941ರಲ್ಲಿ ಕ್ಲೇರ್ ಶೆನಾಲ್ಟ್ ಎಂಬಾತನ ನಾಯಕತ್ವದಲ್ಲಿ ಅಮೆರಿಕನ್ ಸ್ವಯಂಸೇವಕರ ವಾಯುದಳವೊಂದು ಚೀನಾದ ಸಹಾಯಕ್ಕೆ ಬಂದಿತು. ‘ಹಾರುವ ಹುಲಿಗಳು’ ಎಂದು ಖ್ಯಾತವಾದ ಈ ದಳವು 1942ನೆಯ ಜುಲೈ 4ರಂದು ವಿಸರ್ಜಿತವಾಗುವವರೆಗೆ ಬರ್ಮಾ ಮತ್ತು ಚೀನಾ ದೇಶಗಳ ಆಕಾಶದಲ್ಲಿ ಹೋರಾಡಿತು. ಅವರ ಅಂಗಿಗಳ ಬೆನ್ನಿಗೆ ಚೀನಾದ ಧ್ವಜವನ್ನು ಮುದ್ರಿಸಿದ ರೇಷ್ಮೆಯ ಚೌಕವನ್ನು ಹೊಲಿಯುತ್ತಿದ್ದರು. ಯುದ್ಧದಲ್ಲಿ ಸಹಾಯಮಾಡಲು ಬಂದಿರುವ ಈ ಪರದೇಶಿಯನ್ನು ಸೈನಿಕರೂ ಪ್ರಜೆಗಳೂ ಒಂದಾಗಿ ರಕ್ಷಿಸಬೇಕೆಂಬ ಭಾವದ ಚೀನೀ ಬರಹವು ಅದರ ಮೇಲಿದ್ದಿತು. ಭಾಷೆಯರಿಯದ ಹಳ್ಳಿಗರ ನಡುವೆ ಬಿದ್ದ ವೈಮಾನಿಕನಿಗೆ ಆ ಬಟ್ಟೆಯೇ ನಾಲಗೆ. ಅಂಥ ಚೌಕಗಳಿಗೆ ಒಂದೊಂದು ಸಂಖ್ಯೆಯೂ ಇರುತ್ತಿತ್ತು. ಅಂಗಿಯ ಒಡೆಯನನ್ನು ಅರಸುವವರು ಮೊದಲು ನೋಡುವ ಕುರುಹುಗಳಲ್ಲಿ ಅದೂ ಒಂದು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವುಂಟು. ಸ್ವಯಂಸೇವಕರನ್ನು ನೇಮಿಸಿಕೊಂಡುದು ಚೀನಾದಲ್ಲಿ ವಿಮಾನಗಳನ್ನು ಜೋಡಿಸುತ್ತಿದ್ದ ಒಂದು ಕಂಪೆನಿಯ ಹೆಸರಿನಲ್ಲಿ. ಆ ಕಂಪೆನಿಯ ಮುಖ್ಯಸ್ಥನು ವಿಲಿಯಂ ಪಾಲಿ ಎಂಬ ಅಮೆರಿಕನ್ ವ್ಯವಹಾರಸ್ಥ. ಅದೇ ಪಾಲಿಯ ಸಹಾಯದಿಂದ ವಾಲಚಂದ ಹೀರಾಚಂದರು, ಮೈಸೂರು ಸರಕಾರದ ಪಾಲುಗಾರಿಕೆಯೊಡನೆ, 1940ನೆಯ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. 1943ರಲ್ಲಿ ಆ ಕಾರ್ಖಾನೆಯ ಆಡಳಿತವು ಅಮೆರಿಕಾ ಸೈನ್ಯದ ವಾಯುದಳದ ಕೈಸೇರಿ, ಪೂರ್ವರಣರಂಗದ ವಿಮಾನಗಳನ್ನು ಬಿಚ್ಚಿ ದುರಸ್ತುಮಾಡುವ ದೊಡ್ಡ ಡಿಪೋ ಆಯಿತು. ನೀರಿನ ಮೇಲಿಳಿಯುವ ಕೆಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿಳಿದು ದುರಸ್ತಿಗೆ ಬರುತ್ತಿದ್ದುವು. ಯುದ್ಧದ ತರುವಾಯ ಕಾರ್ಖಾನೆಯು ಮತ್ತೆ ಸ್ವದೇಶೀಯರ ವಶವಾಗಿ, 1964ರಲ್ಲಿ ಹಿಂದುಸ್ಥಾನ್ ಏರೊನಾಟಿಕ್ಸ್ ಎಂಬ ಹೆಸರನ್ನು ಪಡೆಯಿತು.

ಬೆಂಗಳೂರಿನಂಥ ಡಿಪೋಗಳು ಆಗ ಏಕೆ ಬೇಕಾದುವೆಂಬುದನ್ನು ತಿಳಿಯಲು ಅಸ್ಸಾಮಿನ ಕಡೆಗೆ ನೋಡಬೇಕು. 1942ರಲ್ಲಿ ಜಪಾನೀಯರು ಬರ್ಮಾದ ಮಾರ್ಗವನ್ನು ಕಡಿದುಹಾಕಿದುದರಿಂದ ಚೀನಾಕ್ಕೆ ಸಾಮಗ್ರಿಯನ್ನು ಸಾಗಿಸಲು ಆಕಾಶವೊಂದೇ ದಾರಿಯಾಗಿ ಉಳಿಯಿತು. ಚಬುವಾ, ದಿಂಜಾನ್ ಮೊದಲಾದ ನಿಲಯಗಳಿಂದ ಹೊರಟು, ಹಿಮಾಲಯದ ಪೂರ್ವದಂಚಿನ ಬೆಟ್ಟಗಳನ್ನು ದಾಟಿ ಕುನ್ಮಿಂಗ್ ನಗರವನ್ನು ಸೇರುವ ಈ ಮಾರ್ಗಕ್ಕೆ ವೈಮಾನಿಕರು ‘ಗೂನು’ ಎಂಬರ್ಥದ ಹಂಪ್ ಎಂಬ ಹೆಸರನ್ನಿಟ್ಟರು. 1945ರವರೆಗೆ ಸುಮಾರು 6.5 ಲಕ್ಷ ಟನ್ನುಗಳಷ್ಟು ಸಾಮಗ್ರಿಯು ಆ ಮಾರ್ಗವಾಗಿ ಸಾಗಿತು. ಸುಮಾರು 600 ವಿಮಾನಗಳು ಬೆಟ್ಟಕಾಡುಗಳಲ್ಲಿ ನಷ್ಟವಾದುವು. ಅವುಗಳಲ್ಲೊಂದು 1944ನೆಯ ಜನವರಿ 25ರಂದು ಕುನ್ಮಿಂಗಿನಿಂದ ಚಬುವಾಕ್ಕೆ ಹೊರಟು, ಎಂಟು ಮಂದಿಯೊಡನೆ ಕಣ್ಮರೆಯಾಗಿ, ಅರುವತ್ತೆರಡು ವರ್ಷಗಳ ಮೇಲೆ, 2006ರಲ್ಲಿ, ಅರುಣಾಚಲ ಪ್ರದೇಶದ ದಾಮ್ರೊ ಗ್ರಾಮದ ಸಮೀಪದ ಬೆಟ್ಟದಲ್ಲಿ ದೊರೆಯಿತು. ಈ ರಣರಂಗದವರ ಎಡಭುಜದ ಲಾಂಛನವು ಒಂದು ಗುರಾಣಿ: ಕೆಳಗೆ ಕೆಂಪು ಬಿಳಿ ಪಟ್ಟೆ, ಮೇಲೆ ನೀಲಿಯ ಹೊಲದಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ. ಇದನ್ನು ಭಾರತದ ಪೇಟೆಗಳ ಕುಶಲಕರ್ಮಿಗಳು ತೊಗಲಿನಲ್ಲಿ ಕತ್ತರಿಸಿಯೂ ಜರತಾರಿಯಲ್ಲಿ ಹೆಣೆದೂ ಮಾಡಿಕೊಟ್ಟರು. ಇಂದು ಅಮೆರಿಕಾದ ಯಾವುದೋ ಊರಿನ ಪೆಟ್ಟಿಗೆಯಲ್ಲಿರುವ ಅಂಗಿಯ ಭುಜದ ಮೇಲೆ ಹೆಸರಿಲ್ಲದ ಭಾರತೀಯ ದರ್ಜಿಯ ಕೈಕೆಲಸವೂ ಇರಬಹುದು. ಅಂಗಿಯ ಒಡೆಯನನ್ನು ಅರಸುವವರುಂಟು. ಆ ದರ್ಜಿಯನ್ನು ಅರಸುವ ಸಾಧನವಂತೂ ಇಲ್ಲ.

ಯುದ್ಧವು ಮುಗಿದ ಬಳಿಕ ಈ ಅಂಗಿಗಳ ಗತಿ ನಾನಾವಿಧವಾಯಿತು. ಕೆಲವನ್ನು ಸೈನ್ಯವು ಹಿಂದಕ್ಕೆ ಪಡೆಯಿತು. ಕೆಲವು ಹಳೆಯ ಸರಕಿನ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ಹೋದುವು. ಕೆಲವನ್ನು ಮನೆಯ ಮಕ್ಕಳು ಮೋಟಾರು ಸೈಕಲ್ಲಿನ ಮೇಲೆ ಧರಿಸಿ ಹರಿದರು. ಕೆಲವು ಅಟ್ಟದ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ವಾಸನೆಯೊಡನೆ ಉಳಿದುವು. ಒಡೆಯರು ವೃದ್ಧರಾಗಿ ಒಬ್ಬೊಬ್ಬರೇ ತೀರಿಕೊಂಡಂತೆ ಮನೆಗಳನ್ನು ಬರಿದುಮಾಡುವ ಹರಾಜುಗಳಲ್ಲಿ ಅವು ಹೊರಬಂದುವು. ಹೀಗೆ ಹೊರಬಂದ ಅಂಗಿಯೊಂದನ್ನು ಸಂಗ್ರಾಹಕನು ಮೇಜಿನ ಮೇಲೆ ಹರಡಿ ಕುಳಿತಾಗ, ಅವನ ಮುಂದಿರುವ ಪ್ರಶ್ನೆ ನಮ್ಮ ತಾರ್ಕಿಕರಿಗೆ ಪರಿಚಿತವಾದುದೇ: ಯಾವ ಪ್ರಮಾಣದಿಂದ ಏನು ಸಿದ್ಧವಾಗುವುದು? ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಪ್ರಮಾಣಗಳೂ ಇಲ್ಲಿ ಕ್ರಮವಾಗಿ ಬೇಕಾಗುವುವು.

ಮೊದಲನೆಯದು ಪ್ರತ್ಯಕ್ಷ. ಚೀಟಿಯಿಂದ ಕರಾರೂ ಕಾರ್ಖಾನೆಯೂ ತಿಳಿಯುವುವು. ಅಳತೆಯಿಂದ ಒಡೆಯನ ಮೈಕಟ್ಟು ಗೊತ್ತಾಗುವುದು. ಕಿತ್ತುಹಾಕಿದ ಲಾಂಛನದ ಸುತ್ತಲೂ ಸೂಜಿಯ ರಂಧ್ರಗಳು ಉಳಿದಿರುವುವು. ತೊಗಲಿನಲ್ಲಿ ಬಿದ್ದ ರಂಧ್ರವು ಬಟ್ಟೆಯಲ್ಲಿ ಬಿದ್ದುದರಂತೆ ಮುಚ್ಚಿಕೊಳ್ಳುವುದಿಲ್ಲ. ಲಾಂಛನವು ಮುಚ್ಚಿದ್ದ ಭಾಗವು ಬಿಸಿಲಿಗೆ ಮಾಸದೆ ಕಪ್ಪಾಗಿ ಉಳಿದು, ಲಾಂಛನದ ಆಕಾರವನ್ನೇ ತೋರಿಸುವುದು. ಒಂದು ವೃತ್ತವೊ ಗುರಾಣಿಯೊ ಎಂಬುದರಿಂದ ದಳದ ಪರಿಧಿಯು ಕಿರಿದಾಗುವುದು.

ಎರಡನೆಯದು ಅನುಮಾನ. ಅಸ್ತರಿನ ಮೇಲೆ ಅನೇಕವೇಳೆ ಒಂದು ಅಕ್ಷರವೂ ನಾಲ್ಕು ಅಂಕಿಗಳೂ ಇರುವುವು. ನಮ್ಮ ಮಡಿವಾಳರು ಕರಿಗೇರಿನ ರಸದಿಂದ ಬಟ್ಟೆಯ ಅಂಚಿನಲ್ಲಿ ಮನೆಮನೆಗೂ ಒಂದು ಗುರುತನ್ನು ಹಾಕುತ್ತಿದ್ದಂತೆ, ಅಮೆರಿಕಾ ಸೈನ್ಯದಲ್ಲಿ ಬಟ್ಟೆಗಳು ಅದಲುಬದಲಾಗದಿರಲೆಂದು ಒಡೆಯನ ಕುಲನಾಮದ ಮೊದಲಕ್ಷರವನ್ನೂ ಅವನ ಸೈನಿಕ ಸಂಖ್ಯೆಯ ಕಡೆಯ ನಾಲ್ಕು ಅಂಕಿಗಳನ್ನೂ ಒತ್ತುತ್ತಿದ್ದರು. ಸೈನ್ಯವನ್ನು ಸೇರಿದವರಲ್ಲಿ ಸುಮಾರು 90 ಲಕ್ಷ ಮಂದಿಯ ದಾಖಲೆಗಳು, ರಂಧ್ರಪತ್ರಗಳಿಂದ ಛಾಯಾಪಟಕ್ಕೂ ಅಲ್ಲಿಂದ ಗಣಕಯಂತ್ರಕ್ಕೂ ಇಳಿದು, ಅಮೆರಿಕಾದ ರಾಷ್ಟ್ರೀಯ ದಫ್ತರಖಾನೆಯಲ್ಲಿ ಸಾರ್ವಜನಿಕರಿಗೆ ದೊರೆಯುವುವು. ಇದನ್ನು ಕೇಳಿದೊಡನೆ ಕಾರ್ಯವು ಸುಲಭವೆಂದು ತೋರಬಹುದು. ಆದರೆ ಲೆಕ್ಕಹಾಕಿ ನೋಡಬೇಕು. ಕಡೆಯ ನಾಲ್ಕು ಅಂಕಿಗಳು ಹತ್ತು ಸಾವಿರದಲ್ಲಿ ಒಬ್ಬನಿಗೆ ಹೊಂದುವುವು. 90 ಲಕ್ಷದಲ್ಲಿ ಅಂಥವರು ಸುಮಾರು 900. ಅವರಲ್ಲಿ ಹತ್ತನೆಯ ಒಂದು ಪಾಲಿನವರ ಕುಲನಾಮವು ಆ ಅಕ್ಷರದಿಂದ ಆರಂಭವಾಗುವುದೆಂದಿಟ್ಟುಕೊಂಡರೆ 90 ಮಂದಿ ಉಳಿಯುವರು. ಅಧಿಕಾರಿಗಳ ಸಂಖ್ಯಾಕ್ರಮವು ಬೇರೆಯಾದುದರಿಂದ, ಪದವಿಗೇರಿದವನಿಗೆ ಹಳೆಯದೊಂದು ಹೊಸದೊಂದು ಹೀಗೆ ಎರಡು ಸಂಖ್ಯೆಗಳೂ ಇರಬಹುದು. ನ್ಯಾಯಶಾಸ್ತ್ರದಲ್ಲಿ ಹೀಗೆ ಸಾಧ್ಯವಿಲ್ಲದೆಡೆಯಲ್ಲಿಯೂ ಕಾಣಿಸಿಕೊಳ್ಳುವ ಹೇತುವನ್ನು ಸವ್ಯಭಿಚಾರವೆನ್ನುವರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ತೊಂಬತ್ತು ಮಂದಿಗೆ ಸಲ್ಲುವ ಗುರುತು ಒಬ್ಬನನ್ನು ಸಾಧಿಸಲಾರದು. ಲಾಂಛನ, ಅಳತೆ, ಕರಾರಿನ ಕಾಲ ಇವೆಲ್ಲವೂ ಕೂಡಿಬಂದಾಗ ಮಾತ್ರ ಆ ತೊಂಬತ್ತು ಮೂರು ನಾಲ್ಕಕ್ಕೆ ಇಳಿಯುವುದು.

ಮೂರನೆಯದು ಶಬ್ದ, ಎಂದರೆ ಆಪ್ತರ ಮಾತು. ಇಲ್ಲಿ ಲಿಖಿತ ದಾಖಲೆಗಳೇ ಆಪ್ತರು. ವಿಮಾನವೊಂದು ಮರಳದೆ ಹೋದರೆ 48 ಗಂಟೆಗಳೊಳಗೆ ವರದಿಯನ್ನು ಬರೆಯಬೇಕೆಂದು 1943ರಿಂದ ವಿಧಿಯಿದ್ದಿತು. ತಂಡದವರ ಹೆಸರುಗಳು, ಅವರ ಸೈನಿಕ ಸಂಖ್ಯೆಗಳು, ವಿಮಾನವನ್ನು ಕಡೆಯಸಲ ಕಂಡ ಸ್ಥಳ, ಕಂಡವರ ಹೇಳಿಕೆ, ಯಂತ್ರಗಳ ಮತ್ತು ಬಂದೂಕುಗಳ ಸಂಖ್ಯೆ ಇವಿಷ್ಟೂ ಅದರಲ್ಲಿರುವುವು. ಇಂಥ 16000ಕ್ಕೂ ಹೆಚ್ಚಿನ ಕಡತಗಳು ಉಳಿದಿವೆ. ದಳಗಳು ದಿನವೂ ಬೆಳಗ್ಗೆ ಬರೆದಿಡುತ್ತಿದ್ದ ಹಾಜರಿಯ ವರದಿಗಳೂ ಉಂಟು. ಆದರೆ ಒಬ್ಬ ಸೈನಿಕನ ಸೇವೆಯ ಸಮಗ್ರ ವೃತ್ತಾಂತವಿರುತ್ತಿದ್ದುದು ಅವನ ಸ್ವಂತ ಕಡತದಲ್ಲಿ. ಆ ಕಡತಗಳನ್ನೆಲ್ಲ ಮಿಸೌರಿ ಪ್ರಾಂತದ ಸೇಂಟ್ ಲೂಯಿ ನಗರದ ಬಳಿಯ ಭವನದಲ್ಲಿ ಇರಿಸಿದ್ದರು.

1973ನೆಯ ಜುಲೈ 12ರಂದು ಆ ಭವನದ ಮೇಲಂತಸ್ತಿಗೆ ಬೆಂಕಿ ಬಿದ್ದಿತು. ಪೂರ್ಣವಾಗಿ ಆರಿಸಲು ಹಲವು ದಿನಗಳು ಹಿಡಿದುವು. 160ರಿಂದ 180 ಲಕ್ಷ ಕಡತಗಳು ಬೂದಿಯಾದುವು. 1912ರಿಂದ 1960ರವರೆಗೆ ಸೈನ್ಯದ ಸೇವೆಯಿಂದ ಬಿಡುಗಡೆ ಹೊಂದಿದವರ ಕಡತಗಳಲ್ಲಿ ನೂರಕ್ಕೆ ಎಂಬತ್ತು ಹೋದುವು. ಎರಡನೆಯ ಮಹಾಯುದ್ಧದಲ್ಲಿ ವಾಯುದಳವು ಭೂಸೈನ್ಯದ ಅಂಗವಾಗಿದ್ದುದರಿಂದ ವೈಮಾನಿಕರ ಕಡತಗಳೂ ಇದರಲ್ಲಿ ಸೇರಿದುವು. ಅವುಗಳಿಗೆ ಪ್ರತಿಗಳಿರಲಿಲ್ಲ, ಏನೇನು ಇದ್ದಿತೆಂಬ ಸೂಚಿಯೂ ಇರಲಿಲ್ಲ. ಬೆಂಕಿಯಿಂದ ಉಳಿದುದರಲ್ಲಿಯೂ ಎಷ್ಟೋ ಆರಿಸಲು ಸುರಿದ ನೀರಿನಿಂದ ನೆನೆದು ಬೂಷ್ಟು ಹಿಡಿಯಿತು. ಬಳಿಕ ಸಂಬಳದ ಚೀಟಿ ಮೊದಲಾದ ಬೇರೆ ಪತ್ರಗಳಿಂದ ಸೇವಾವೃತ್ತಾಂತವನ್ನು ಮರಳಿ ಕಟ್ಟುವ ಕಾರ್ಯವು ಆರಂಭವಾಯಿತು.

ಈ ಅನಾಹುತದಿಂದ ಅಂಗಿಗಳ ಸ್ಥಾನವೇ ಬದಲಾಯಿತೆಂಬುದನ್ನು ಸಂಗ್ರಾಹಕರೆಲ್ಲರೂ ಅರಿತಂತಿಲ್ಲ. ಕಡತವಿರುವವರೆಗೆ ಅಂಗಿಯು ಕುತೂಹಲದ ವಸ್ತು. ಅದರ ಮೇಲಿನ ಬರಹವನ್ನು ಕಡತದೊಡನೆ ಹೋಲಿಸಿ ನಿಜಸುಳ್ಳುಗಳನ್ನು ತಿಳಿಯಬಹುದಾಗಿತ್ತು. ಕಡತವು ಸುಟ್ಟ ಮೇಲೆ ಎಷ್ಟೋ ಸಾಮಾನ್ಯ ಸೈನಿಕರ ವಿಷಯದಲ್ಲಿ, ಅವನು ಯಾವ ವಿಮಾನದಲ್ಲಿದ್ದನು, ಎಷ್ಟು ಯಾತ್ರೆಗಳನ್ನು ಮಾಡಿದನೆಂಬುದಕ್ಕೆ ಅಂಗಿಯೇ ಅಳಿದುಳಿದ ಸಾಕ್ಷಿಗಳಲ್ಲಿ ಒಂದಾಯಿತು. ಕಾಗದವು ಹೋಗಿ ತೊಗಲು ಶಾಸನವಾಯಿತು. ಶಾಸನವನ್ನು ತಿದ್ದುವವನು ಚರಿತ್ರೆಗೆ ಮಾಡುವ ಅಪರಾಧವು ಎಂಥದೆಂಬುದನ್ನು ಕನ್ನಡ ನಾಡಿನ ವಿದ್ವಾಂಸರಿಗೆ ಹೇಳಬೇಕಾದುದಿಲ್ಲ. ಒಂದು ಕೂಟ ತಾಮ್ರಪಟವು ಒಂದು ರಾಜವಂಶದ ಕಾಲಗಣನೆಯನ್ನೇ ಕೆಡಿಸಬಲ್ಲುದು.

ಅಂಗಿಗಳ ವಿಷಯದಲ್ಲಿಯೂ ಕೂಟಕಾರರು ಹುಟ್ಟಿಕೊಂಡಿದ್ದಾರೆ. ಬರಿಯ ಅಂಗಿಗಿಂತ ಹೆಸರೂ ಚಿತ್ರವೂ ಉಳ್ಳ ಅಂಗಿಗೆ ಬೆಲೆ ಬಹಳ ಹೆಚ್ಚು. ಆದುದರಿಂದ ಏನೂ ಇಲ್ಲದ ಹಳೆಯ ಅಂಗಿಯ ಬೆನ್ನಿನ ಮೇಲೆ ಹೊಸದಾಗಿ ವಿಮಾನವನ್ನು ಬರೆದು, ಸತ್ತ ಯಾವನೋ ವೀರನ ಹೆಸರಿನ ಪಟ್ಟಿಯನ್ನು ಎದೆಗೆ ಹೊಲಿದು ಮಾರುವವರುಂಟು. ಅಮೆರಿಕಾ ವಾಯುಸೇನೆಯು 1988ರಲ್ಲಿ ಎ-2 ಅಂಗಿಯನ್ನು ಮೇಕೆದೊಗಲಿನಲ್ಲಿ ಮತ್ತೆ ಬಳಕೆಗೆ ತಂದಿತು. ಇಂಗ್ಲೆಂಡು ಜಪಾನುಗಳ ಕುಶಲರು ಹಳೆಯ ಕರಾರುಗಳ ಚೀಟಿಯನ್ನೂ ಬಿಡದೆ ಯಥಾವತ್ತಾದ ಪ್ರತಿಗಳನ್ನು ಮಾಡುತ್ತಾರೆ. ಪ್ರತಿಯನ್ನು ಪ್ರತಿಯೆಂದೇ ಮಾರುವುದರಲ್ಲಿ ದೋಷವಿಲ್ಲ. ಅದನ್ನು ಉಜ್ಜಿ ಸವೆಯಿಸಿ ಮೂಲವೆಂದು ಮಾರುವುದರಲ್ಲಿಯೇ ದೋಷ. ಇದನ್ನು ಕಂಡುಹಿಡಿಯಲು ಉಪಾಯಗಳಿವೆ. ನೇರಳಾತೀತ ಕಿರಣಗಳ ದೀಪದಡಿಯಲ್ಲಿ ಯುದ್ಧಾನಂತರದ ಕೃತಕ ದಾರವು ಬೆಳ್ಳಗೆ ಹೊಳೆಯುವುದು. ಹಳೆಯ ಹತ್ತಿಯ ದಾರವು ಹಾಗೆ ಹೊಳೆಯದು. ನಿಜವಾದ ಹಳೆಯ ಚಿತ್ರದಲ್ಲಿ ತೊಗಲು ಬಿರಿದೆಡೆಯಲ್ಲಿ ಬಣ್ಣವೂ ಬಿರಿದಿರುವುದು; ಹೊಸ ಚಿತ್ರದಲ್ಲಿ ಬಣ್ಣವು ಬಿರುಕಿನೊಳಕ್ಕೆ ಇಳಿದಿರುವುದು. ಮೊದಲನೆಯದರಲ್ಲಿ ಬಣ್ಣವೂ ತೊಗಲೂ ಒಟ್ಟಿಗೆ ಮುದಿಯಾದುವು. ಎರಡನೆಯದರಲ್ಲಿ ಮುದಿಯಾದ ತೊಗಲಿಗೆ ಬಣ್ಣವು ಬಂದು ಸೇರಿತು.

ಆದರೆ ವಂಚನೆಗಿಂತಲೂ ಸೂಕ್ಷ್ಮವಾದ ಅಪಾಯವೊಂದಿದೆ. ಅದು ಸಜ್ಜನರಿಂದಲೇ ಬರುವುದು. ಅಂಗಿಯೊಂದು ಒಬ್ಬನ ಮೈಮೇಲೆಯೇ ಇದ್ದಿತೆಂಬ ನಿಯಮವಿಲ್ಲ. ವರ್ಗವಾದವನು ಗೆಳೆಯನಿಗೆ ಕೊಟ್ಟುಹೋದನು. ಸೈನ್ಯದ ಉಗ್ರಾಣವು ಹಳೆಯದನ್ನು ದುರಸ್ತುಮಾಡಿ, ಮತ್ತೆ ಬಣ್ಣ ಕೊಟ್ಟು, ಮತ್ತೊಬ್ಬನಿಗೆ ಕೊಟ್ಟಿತು. ಮರಳಿ ಬಾರದವನ ಸ್ವಂತ ಸಾಮಾನನ್ನು ವಿಂಗಡಿಸಿ ಕ್ಯಾನ್ಸಾಸ್ ನಗರದ ಕಚೇರಿಯ ಮೂಲಕ ಮನೆಗೆ ಕಳುಹಿಸುತ್ತಿದ್ದರು; ಸರಕಾರದ ಸಾಮಾನು ಉಗ್ರಾಣಕ್ಕೆ ಹಿಂತಿರುಗುತ್ತಿತ್ತು. ತುಂಬ ಎತ್ತರಕ್ಕೆ ಹಾರುವಾಗ ದಪ್ಪ ಉಡುಪನ್ನು ತೊಡುತ್ತಿದ್ದುದರಿಂದ, ಕಡೆಯ ಯಾತ್ರೆಗೆ ಹೊರಟವನ ಎ-2 ಅಂಗಿಯು ಗೂಟದಲ್ಲಿ ತೂಗುತ್ತಲೇ ಉಳಿದುದೂ ಉಂಟು. ಹೀಗಿರಲು ಎದೆಯ ಮೇಲಿನ ಹೆಸರು ಒಬ್ಬನದಾಗಿಯೂ ಅಸ್ತರಿನ ಗುರುತು ಇನ್ನೊಬ್ಬನದಾಗಿಯೂ ಬೆನ್ನಿನ ಚಿತ್ರವು ಮೂರನೆಯವನದಾಗಿಯೂ ಇರುವುದು ಅಸಂಭವವಲ್ಲ. ಸಂಗ್ರಾಹಕನಾದರೋ ವರ್ಷಗಟ್ಟಳೆ ಅರಸಿ ಬೇಸತ್ತು, ಮೂರು ಹೆಸರುಗಳಲ್ಲಿ ಒಂದು ಯುದ್ಧದಲ್ಲಿ ಮಡಿದವನದೆಂದು ಕಂಡೊಡನೆ, ಅವನೇ ಇರಬೇಕೆಂದು ನಿಶ್ಚಯಿಸುವನು. ಇದರಲ್ಲಿ ಲೋಭವಿಲ್ಲ, ಕಥೆಯನ್ನು ಪೂರ್ಣಗೊಳಿಸಬೇಕೆಂಬ ಆತುರವಿದೆ.

ಆ ಆತುರದ ಫಲವನ್ನು ಉಣ್ಣುವವರು ಬೇರೆಯವರು. ಮಡಿದವನ ತಂಗಿಯೊ ತಮ್ಮನ ಮಗನೊ ಇರುವರು. ಅವರ ಮನೆಯಲ್ಲಿ ಅವನದೆಂದು ಹೇಳುವ ಒಂದು ಭಾವಚಿತ್ರವೂ ಕೆಲವು ಕಾಗದಗಳೂ ಮಾತ್ರ ಇರುವುವು. ಒಂದು ದಿನ ಅಪರಿಚಿತನೊಬ್ಬನು ಪತ್ರ ಬರೆದು, ನಿಮ್ಮವನ ಅಂಗಿಯು ದೊರೆತಿದೆಯೆಂದು ತಿಳಿಸುವನು. ಅವರು ಆ ತೊಗಲನ್ನು ಮುಟ್ಟಿ, ಇದೇ ಅವನ ಭುಜವೆಂದು ಭಾವಿಸುವರು. ಮರುವರ್ಷ ಮತ್ತೊಂದು ದಾಖಲೆಯು ಹೊರಬಿದ್ದು, ಅದು ಅವನದಲ್ಲವೆಂದು ಸಿದ್ಧವಾದರೆ, ಆರಿದ ಗಾಯವನ್ನು ಕೆದಕಿದ ಪಾಪವು ಯಾರದು? ಅದೇ ವೇಳೆಗೆ, ನಿಜವಾದ ಒಡೆಯನಾಗಿದ್ದ, ಬದುಕಿ ಬಂದು, ಹೊಲ ಉತ್ತು, ಯಾವ ಖ್ಯಾತಿಯೂ ಇಲ್ಲದೆ ತೀರಿಕೊಂಡ ಮತ್ತೊಬ್ಬನಿಂದ ಅವನ ಏಕೈಕ ಗುರುತನ್ನೂ ಕಿತ್ತುಕೊಂಡಂತಾಯಿತು. ತಪ್ಪು ಹೆಸರನ್ನು ಇಡುವುದೆಂದರೆ ಏಕಕಾಲಕ್ಕೆ ಇಬ್ಬರಿಗೆ ಅನ್ಯಾಯಮಾಡುವುದು.

ಆದುದರಿಂದ ಈ ಕಾರ್ಯದಲ್ಲಿ ನುರಿತವರು ಕೆಲವು ನಿಯಮಗಳನ್ನು ಪಾಲಿಸುವರು. ಅಂಗಿಯ ಮೇಲೆ ಇರುವ ಯಾವುದನ್ನೂ ತೆಗೆಯುವುದಿಲ್ಲ, ಇಲ್ಲದ ಯಾವುದನ್ನೂ ಸೇರಿಸುವುದಿಲ್ಲ. ಮಾಸಿದ ಚಿತ್ರದ ಮೇಲೆ ಹೊಸ ಬಣ್ಣವನ್ನು ಎಳೆಯುವುದಿಲ್ಲ. ಯಾರಿಂದ, ಯಾವ ಊರಿನಲ್ಲಿ, ಯಾವ ವರ್ಷ ದೊರೆಯಿತೆಂಬುದನ್ನು ಮೊದಲ ದಿನವೇ ಬರೆದಿಡುವರು. ಸಿದ್ಧವಾದುದನ್ನು ಸಿದ್ಧವೆಂದೂ, ಸಂಭವನೀಯವಾದುದನ್ನು ಸಂಭವನೀಯವೆಂದೂ, ಊಹೆಯನ್ನು ಊಹೆಯೆಂದೂ ಬೇರೆಬೇರೆಯಾಗಿ ಗುರುತಿಸುವರು. ಒಂದಕ್ಕೊಂದು ಸಂಬಂಧಪಡದ ಎರಡು ಸಾಕ್ಷಿಗಳಾದರೂ ಒಂದೇ ಹೆಸರನ್ನು ಹೇಳುವವರೆಗೆ ಯಾವ ಕುಟುಂಬಕ್ಕೂ ಪತ್ರ ಬರೆಯುವುದಿಲ್ಲ. ಇಷ್ಟೆಲ್ಲ ಮಾಡಿಯೂ ಒಡೆಯನು ತಿಳಿಯದೆ ಹೋದರೆ, ಅಜ್ಞಾತನೆಂದು ಬರೆಯಲು ನಾಚುವುದಿಲ್ಲ.

ಕಾಳಿದಾಸನ ನಾಟಕದಲ್ಲಿ ದುಷ್ಯಂತನ ಮರವೆಯನ್ನು ನೀಗಿಸಿದುದು ಒಂದು ಉಂಗುರ. ಆದರೆ ಆ ಉಂಗುರವು ಕೆಲಸಕ್ಕೆ ಬಂದುದು ಅದರ ಮೇಲಿನ ಹೆಸರು ನಿಜವಾಗಿದ್ದುದರಿಂದಲೂ, ಮೀನಿನ ಹೊಟ್ಟೆಯಲ್ಲಿ ಅದನ್ನು ಕಂಡ ಬೆಸ್ತನು ತನಗೆ ದೊರೆತ ಬಗೆಯನ್ನು ದೊರೆತಂತೆಯೇ ಹೇಳಿದುದರಿಂದಲೂ. ರಾಜಭಟರು ಅವನನ್ನು ಹೊಡೆದರೂ ಅವನು ಬೇರೊಂದು ಕಥೆಯನ್ನು ಕಟ್ಟಲಿಲ್ಲ. ಹಳೆಯ ಅಂಗಿಯನ್ನು ಸಂಗ್ರಹಿಸುವವನ ಸ್ಥಾನವು ದುಷ್ಯಂತನದಲ್ಲ, ಆ ಬೆಸ್ತನದು. ವಸ್ತುವು ಅವನ ಕೈಗೆ ಬಂದಿದೆ, ಅದು ಅವನದಲ್ಲ. ಹಣಕೊಟ್ಟು ಕೊಂಡಿದ್ದರೂ ಅದು ಅವನಲ್ಲಿರುವ ನಿಕ್ಷೇಪ. ನಿಕ್ಷೇಪವನ್ನು ಒಡೆಯನಿಗೆ ಒಪ್ಪಿಸುವುದು ಧರ್ಮ. ಒಡೆಯನು ತಿಳಿಯದಿದ್ದರೆ, ತಿಳಿಯುವ ಕಾಲದವರೆಗೆ ಬಂದಂತೆಯೇ ಕಾಪಾಡುವುದೂ ಅಷ್ಟೇ ಧರ್ಮ. ಇಂದಿಗೆ ಅಜ್ಞಾತನೆಂದು ಬರೆದಿಟ್ಟ ಅಂಗಿಯ ಒಡೆಯನನ್ನು ಮುಂದೆ ಬರುವ ಯಾವನೋ ಸಮರ್ಥನು ಕಂಡುಹಿಡಿಯಬಹುದು. ತಪ್ಪು ಹೆಸರನ್ನು ಬರೆದಿಟ್ಟ ಅಂಗಿಯ ಒಡೆಯನನ್ನಾದರೋ ಮುಂದೆ ಯಾರೂ ಅರಸಲಾರರು.